ಹತ್ತು ಹೆತ್ತವಳ ಆಡು

ಉಗೊಯೆ ಒಂದನ್ನೂ ಹೆತ್ತವಳಲ್ಲ. ಆದರೂ ಆ ಆಗಸ್ಟ್ ತಿಂಗಳ ಕೂಟಕ್ಕೆ ಲೇಗೋಸ್, ಕಾನೋ ಎಂದು ಚದುರಿಹೋದ ಹೆಂಗಸರೆಲ್ಲ ಊರಿಗೆ ಬಂದು ಕೂತಿದ್ದಾಗ ಒಬ್ಬಳು ಎದ್ದು, "ಈ ಸಲ ಸೊಂಟದ ಆಡು ಉಗೊಯೆಗೇ ಆಗ್ಬೇಕು" ಎಂದುಬಿಟ್ಟಳು. ಹತ್ತು ಮಕ್ಕಳನ್ನು ಹೊತ್ತ ಸೊಂಟಕ್ಕೆ ಗಂಡನ ಮನೆಯವರು ಆಡು ಕಡಿದು ಮೆರೆಸುವುದು ಇಗ್ಬೊ ಜನರ ರೂಢಿ. ಅಂಥವಳು ಸತ್ತರೂ ಊರು ಕುಣಿದು ಕಳಿಸುತ್ತದೆ. ಬಂಜೆಯನ್ನಾದರೆ ಸದ್ದಿಲ್ಲದೆ ಮಣ್ಣು ಮಾಡುತ್ತಾರೆ.

ಉಗೊಯೆ ಬಿಂಕಕ್ಕಾದರೂ ಬೇಡವೆನ್ನಬೇಕಿತ್ತು. ಬಾಯಿ ಬರಲಿಲ್ಲ. ಅವಳಿಗೆ ಅದು ಬೇಕಿತ್ತು, ಕಣ್ಣಲ್ಲಿ ನೀರು ಬರುವಷ್ಟು ಬೇಕಿತ್ತು.

ಸಂತೆಯಲ್ಲಿ ಅಲಸಂದೆ ವಡೆ ಕರಿದು ಬದುಕಿದವಳು ಅವಳು. ಗಂಡ ಸತ್ತಾಗ ಅವಳನ್ನು ಹಿಡಿದು ಕೂರಿಸಿ ತಲೆ ಬೋಳಿಸಿದ್ದರು, ಹೆಣ ತೊಳೆದ ನೀರು ಕುಡಿಸಿದ್ದರು. ಕೂದಲು ಮತ್ತೆ ಬೆಳೆಯುವಷ್ಟರಲ್ಲಿ ಉಗೊಯೆ ಹಟ ಹಿಡಿದಾಗಿತ್ತು. ಊರಿನಲ್ಲಿ ಯಾವ ಗಂಡಸು ಸತ್ತರೂ ಮಣೆ ಎತ್ತಿಕೊಂಡು ಹೋಗಿ ವಿಧವೆಯ ಬಾಗಿಲಿಗೆ ಅಡ್ಡ ಕೂರುವಳು.

"ತಲೆ ಬೋಳಿಸೋ ಕತ್ತಿ ಒಳಗೆ ಹೋಗೋದಾದ್ರೆ ನನ್ನ ಹೆಣ ದಾಟಿ ಹೋಗ್ಲಿ" ಎನ್ನುವಳು.

ಮಾಟಗಾತಿ ಎಂದರು. ಅವಳ ವಡೆ ಮುಟ್ಟುವುದನ್ನೇ ಬಿಟ್ಟರು. ಮಾರದೆ ಉಳಿದದ್ದನ್ನು ತಾನೇ ತಿಂದು ಮಲಗಿದ ದಿನಗಳುಂಟು. ಈಗ ಹೊಗಳುವವರಿಗೆ ಬರವಿಲ್ಲ. ಆಗ ಪಕ್ಕದಲ್ಲೊಂದು ಮಣೆ ಹಾಕಿದವರು ಯಾರೂ ಇರಲಿಲ್ಲ.

ಆಡು ಕೊಡಬೇಕಾದ ಮನೆಯ ಹಿರಿಯನೆಂದು ಮೈದುನ ಅನೆಕೆಯನ್ನು ಕೂಟಕ್ಕೆ ಕರೆಸಿದ್ದರು. ಅಂದು ಅವಳ ತಲೆಗೆ ಕತ್ತಿ ತಂದುಕೊಟ್ಟವನೇ ಅವನು. ಕೋಲು ಕುಟ್ಟಿ ಎದ್ದ.

"ನಿಮಗೇನು ತಲೆ ಕೆಟ್ಟಿದೆಯೇನ್ರೇ? ಹತ್ತು ಬೇಡ, ಒಂದೇ ಒಂದು ಮಗು ತೋರಿಸ್ಲಿ, ನಾನೇ ಆಡು ಕೊಡ್ತೀನಿ!"

ಉಗೊಯೆ ತಲೆ ತಗ್ಗಿಸಿದಳು. ಅಷ್ಟರಲ್ಲಿ ಹಿಂದಿನಿಂದ ಆಡು ಅರಚುವುದು ಕೇಳಿಸಿತು. ಅನೆಕೆಯ ಮಗಳು ಒಗೆಚಿ, ಹೋದ ವರ್ಷ ಗಂಡನನ್ನು ಕಳೆದುಕೊಂಡವಳು, ತಲೆ ತುಂಬ ಜಡೆ ಹೆಣೆದುಕೊಂಡು, ಅಪ್ಪನ ಹಟ್ಟಿಯ ಆಡನ್ನೇ ಎಳೆದು ತರುತ್ತಿದ್ದಳು.

"ಇಗೋ, ಮಗು ಇಲ್ಲಿದೆ. ನಾನು ದೊಡ್ಡಮ್ಮನ ಮಗಳು" ಎಂದಳು. "ಅಪ್ಪಾ, ನನ್ನ ಗಂಡ ಸತ್ತಾಗ ಹಿತ್ತಲ ಬಾಗಿಲಿಂದ ಇವಳ ಮನೆಗೆ ನುಗ್ಗಿ, 'ಅತ್ತಿಗೇ, ಮಣೆ ತಗೊಂಡು ಬಾ, ನನ್ನ ಮಗಳನ್ನ ಉಳಿಸು' ಅಂತ ಕಾಲು ಹಿಡಿದೋರು ಯಾರು? ಹೇಳ್ಬಿಡ್ಲಾ?"

ಅನೆಕೆಯ ಮುಖ ಹುಳ್ಳಗಾಯಿತು.

"ನಾನೂ ಇವಳ ಮಗಳೇ" ಎಂದು ಇನ್ನೊಬ್ಬ ವಿಧವೆ ಎದ್ದಳು. ಅವಳ ಹಿಂದೆ ಮತ್ತೊಬ್ಬಳು. ಎಣಿಸುತ್ತಿದ್ದವರು ಹತ್ತಕ್ಕೆ ನಿಲ್ಲಿಸಿದರು, ಏಳುವವರು ನಿಲ್ಲಲಿಲ್ಲ.

ಉಗೊಯೆಯ ಮುಖ ನೋಡಲಾರದೆ ಅನೆಕೆ ಆಡಿನ ಮುಖ ನೋಡಿದ. ಆಮೇಲೆ ಮಗಳನ್ನು ಗದರಿದ.

"ಥೂ, ಈ ಬಡಕಲನ್ನ ಯಾಕೆ ತಂದೆ? ಹತ್ತು ಹೆತ್ತವಳಿಗೆ ಇಂಥದ್ದು ಕೊಡ್ತಾರೇನೇ? ಹೋಗು, ದೊಡ್ಡದನ್ನ ಬಿಚ್ಕೊಂಡು ಬಾ."

ಹೆಂಗಸರ ಕೇಕೆಗೆ ಆಡು ಬೆದರಿ ಹಗ್ಗ ಕಿತ್ತುಕೊಂಡು ಓಡಿತು. ಉಗೊಯೆ ಸೊಂಟಕ್ಕೆ ಬಟ್ಟೆ ಬಿಗಿದು ಎಲ್ಲರಿಗಿಂತ ಮೊದಲು ಕುಣಿಯತೊಡಗಿದಳು.