ಚೆಕ್ಕುಬಂದಿಯಲ್ಲಿ ಸಿಕ್ಕಿದ ಥಾಮಸ್

ಕೇಳ್ರಪ್ಪಾ, ಇವತ್ತು ನಾನೀಗಿರುವ ಈ ಹೆಂಡರ್ಸನ್ ಊರಿನಲ್ಲಿ ಕೂತು ಅಮೆರಿಕದ ಜಮೀನಿನ ಪತ್ರ ಓದಿದೆ.

ಪಕ್ಕದ ಮನೆ ಮಾರ್ಗರೆಟ್ ಆಂಟಿ ಎಂಟು ವರ್ಷದಿಂದ, ಬ್ರಿಟಿಷರ ಕಾಲದ ವರ್ಜೀನಿಯಾದಲ್ಲಿದ್ದ ತಮ್ಮ ಪೂರ್ವಜ ಥಾಮಸ್ ಪೆಲ್‌ನನ್ನು ಹುಡುಕುತ್ತಿದ್ದಾರೆ. ಬೆಳಿಗ್ಗೆ ಬೇಲಿಯಾಚೆಯಿಂದ, "ಸಾಕಾಯ್ತು. ಜಮೀನು ಮಾರಿದವರಲ್ಲೂ ಅವನಿಲ್ಲ, ಕೊಂಡವರಲ್ಲೂ ಇಲ್ಲ. ವಂಶವೃಕ್ಷದಲ್ಲಿ ಅವನ ಅಪ್ಪನ ಜಾಗ ಖಾಲಿ ಬಿಡ್ತೀನಿ" ಅಂದರು.

ನಾನು ಮಂಡ್ಯದ ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದೆ ಹತ್ತು ವರ್ಷ ಪತ್ರ ಬರೆದವನು. ಸುಮ್ಮನಿರೋದು ಹೇಗೆ?

"ಆಂಟಿ, ಅಕ್ಕಪಕ್ಕದವರ ಪತ್ರದಲ್ಲಿ ಚೆಕ್ಕುಬಂದಿ ಓದಿದ್ರಾ? ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು ಅಂತ?"

"ಅದನ್ನ ಯಾರು ಓದ್ತಾರೆ?"

"ನಮ್ಮಲ್ಲಿ ಮೊದಲು ಓದೋದೇ ಅದನ್ನ!"

ಥಾಮಸ್‌ನ ಮಾವನ ಊರು ಯಾವುದೆಂದು ಆಂಟಿಗೆ ಗೊತ್ತಿತ್ತು; ಅಲ್ಲಿನ ಜಮೀನಿನ ಪತ್ರಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ತೆಗೆಸಿದೆ. ಏಳನೆಯದರಲ್ಲಿ ಸಿಕ್ಕಿದ: ಪೂರ್ವಕ್ಕೆ ಹಳ್ಳ, ಉತ್ತರಕ್ಕೆ ಥಾಮಸ್ ಪೆಲ್ ಜಮೀನು. ಆ ಪತ್ರ ಮಾಡಿಸಿದ ನೆರೆಯವನ ಹೆಸರು ಹಿಡಿದು ಕೋರ್ಟಿನ ಕಡತ ನೋಡಿದರೆ ಒಂದು ದೂರು: "ಹೆನ್ರಿಯ ಮಗ ಥಾಮಸ್‌ನ ಹಂದಿಗಳು ನನ್ನ ಬೇಲಿ ಮುರಿದವು."

ಅಪ್ಪನ ಹೆಸರೂ ಬಂತು! ಆಂಟಿ ಕಣ್ಣೊರೆಸಿಕೊಂಡು, "ಹಂದಿಗಳಿಗೆ ದೇವರು ಒಳ್ಳೇದು ಮಾಡಲಿ" ಅಂದರು.

ಆಂಟಿಯ ನಿಂಬೆಗಿಡ ನಮ್ಮ ಬೇಲಿ ಮೇಲೆ ವಾಲಿದೆ. ಇಷ್ಟು ದಿನ ಸುಮ್ಮನಿದ್ದೆ. ಮುಂದಿನ ಮರಿಮಕ್ಕಳ ಅನುಕೂಲಕ್ಕಾದರೂ ಒಂದು ದೂರು ಕೊಟ್ಟಿಡೋಣ ಅಂತಿದ್ದೀನಿ.