ಕೊಯ್ಲಿನ ಹಿಂದೆ ನೀರು

ಸೊಸೆಯ ಹಿಂದೆ ಅತ್ತೆ ಸುತ್ತುವ ಹಾಗೆ ಗಂಡನ ಕೊಯ್ಲು ಮಷೀನಿನ ಹಿಂದೆ ಇವಳು ಸುತ್ತುತ್ತಾಳೆ ಎಂದು ಅಕ್ಕಪಕ್ಕದವರು ನೀರಕ್ಕನನ್ನು ಆಡಿಕೊಳ್ಳುತ್ತಿದ್ದರು. "ಪಾಪ, ಆ ಮನುಷ್ಯನಿಗೆ ಹೊಲದಲ್ಲೂ ಬಿಡುಗಡೆ ಇಲ್ಲ" ಎಂದು ಎದುರುಮನೆಯ ದರ್ಜಿ ಹೇಳಿದರೆ, ಅವನ ಹೆಂಡತಿ, "ನೀವು ಹೊಲಿಯೋಕೆ ಕೂತಾಗ ನಾನೂ ಒಂದು ಕೊಡ ನೀರು ಹಿಡ್ಕೊಂಡು ಹಿಂದೆ ನಿಲ್ಲಲಾ?" ಎನ್ನುತ್ತಿದ್ದಳು. ಇದೆಲ್ಲ ನೀರಕ್ಕನ ಕಿವಿಗೆ ಬೀಳದೆ ಇರಲಿಲ್ಲ. ಅವರ ಜೊತೆ ತಾನೂ ನಕ್ಕು, ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕು ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದಳು.

ಅವಳ ಕೆಲಸವೇ ಅದು. ಗಂಡ ಕೊಯ್ಲು ಮಷೀನು ಓಡಿಸುತ್ತ ಗೋಧಿಯೊಳಗೆ ನುಗ್ಗಿದರೆ, ಇವಳು ಪೈಪು, ಸಲಿಕೆ, ಒದ್ದೆ ಗೋಣಿಚೀಲ ಇಟ್ಟುಕೊಂಡು ಬದುವಿನ ಮೇಲೆ ಕಾಯಬೇಕು. ಬಿಸಿಲಿಗೆ ಒಣಗಿದ ಗೋಧಿಹೊಲಕ್ಕೆ ಬೆಂಕಿ ಹತ್ತಲು ದೊಡ್ಡ ಕಾರಣ ಬೇಕಿಲ್ಲ. ಕಾದ ಇಂಜಿನ್ನಿಗೆ ಒಂದು ಹಿಡಿ ಹೊಟ್ಟು ಅಂಟಿಕೊಂಡರೆ ಸಾಕು. ಆದರೆ ವರ್ಷಗಟ್ಟಲೆ ಆ ನೀರು ಉಪಯೋಗಕ್ಕೆ ಬಂದದ್ದು ಗಂಡ ಮುಖ ತೊಳೆಯುವುದಕ್ಕೆ ಮಾತ್ರ. ನೀರಕ್ಕ ಬಾವಿ ತೋಡುವವನ ಮಗಳು. "ನೀರು ಬಿದ್ದಮೇಲೆ ಹೊಗಳೋರು ನೂರು ಜನ, ಅಗೆಯೋವಾಗ ನಗೋರು ಇನ್ನೂರು ಜನ" ಎಂದು ಅಪ್ಪ ಹೇಳುತ್ತಿದ್ದ. ನಗುವವರನ್ನು ಸಹಿಸುವ ವಿದ್ಯೆ ಅವಳಿಗೆ ತವರಿನಿಂದಲೇ ಬಂದಿತ್ತು.

ಗಂಡನನ್ನು ಊರೆಲ್ಲ ಡ್ರೈವರಣ್ಣ ಎನ್ನುತ್ತಿತ್ತು. ಅರ್ಧ ಆಯುಷ್ಯ ಕಂಡವರ ಮಷೀನು ಓಡಿಸಿ, ಕೊನೆಗೊಮ್ಮೆ ಸ್ವಂತದ್ದು ಮಾಡಿಕೊಂಡಿದ್ದ. ಬಾಡಿಗೆಗೆ ಮನೆ ನೋಡುವಾಗ ಅವನು ನೋಡಿದ್ದು ಶೆಡ್ಡನ್ನು, ಅಡುಗೆಮನೆಯನ್ನಲ್ಲ. ಹಾಗಾಗಿ ಮಷೀನು ತಲೆ ಎತ್ತಿ ನಿಲ್ಲುತ್ತಿತ್ತು. ಇಕ್ಕಟ್ಟಾದ ಅಡುಗೆಮನೆಯಲ್ಲಿ ಇವಳು ಕಪಾಟಿನ ಬಾಗಿಲು ತೆಗೆಯಬೇಕಾದರೆ ತಾನು ಹಿತ್ತಿಲಿಗೆ ಇಳಿಯಬೇಕಿತ್ತು.

ಗಂಡ ಹೆಂಡಿರ ನಡುವೆ ಒಂದೇ ಒಂದು ಕಟ್ಟುಪಾಡು. ಬಿಸಿಗಾಳಿ ಎದ್ದಾಗ ನೀರಕ್ಕ ಒಂದು ಗೋಧಿಕಡ್ಡಿಯನ್ನು ಅಂಗೈಯಲ್ಲಿಟ್ಟು ಹೊಸಕುತ್ತಾಳೆ. ಅದು ಬಾಗಿದರೆ ಸರಿ, ಪುಡಿಯಾದರೆ ಕೆಂಪು ಟವೆಲ್ಲು ಬೀಸುತ್ತಾಳೆ. ಆಗ ಅವನು ಮಷೀನು ನಿಲ್ಲಿಸಿ, ಹೊಟ್ಟು ಗುಡಿಸಿ, ಗಾಳಿ ಇಳಿಯುವವರೆಗೆ ಕೂರಬೇಕು.

ಆ ವರ್ಷದ ಬಿಸಿಲು ಯಾರ ನೆನಪಿಗೂ ಸಿಗದಂಥದ್ದು. ಹಕ್ಕಿಗಳು ಕೊಕ್ಕು ತೆರೆದುಕೊಂಡೇ ಕೂರುತ್ತಿದ್ದವು. ಅದರ ಮೇಲೆ, ಒಂದು ದಿನ, ಸಂಜೆಗೆ ಆಲಿಕಲ್ಲು ಮಳೆ ಎಂದು ರೇಡಿಯೋದಲ್ಲಿ ಬೇರೆ ಹೇಳಿಬಿಟ್ಟರು. ಅಂದು ಕೊಯ್ಲು ನಡೆದಿದ್ದ ಹೊಲ ಇಳಿಜಾರಿನದು. ಕೆಳಗಡೆ, ಬದುವಿನ ಆಚೆಗೆ, ಕೂಲಿಯವರ ಮನೆಸಾಲು. ಗಾಳಿ ಬೀಸುತ್ತಿದ್ದದ್ದೂ ಅತ್ತಲೇ.

ನೀರಕ್ಕನ ಅಂಗೈಯಲ್ಲಿ ಕಡ್ಡಿ ಹಪ್ಪಳದ ಹಾಗೆ ಪುಡಿಯಾಯಿತು. ಟವೆಲ್ಲು ಬೀಸಿದಳು.

ಹೊಲದ ಯಜಮಾನ ಓಡಿ ಬಂದ. "ಏನಮ್ಮ, ಆಕಾಶ ತಲೆಮೇಲೆ ಬೀಳೋ ಹಾಗಿದೆ, ನೀನು ಬಟ್ಟೆ ಒಣಗಿಸ್ತಾ ಇದ್ದೀಯಲ್ಲ!"

"ಮಳೆ ಬಂದ್ರೆ ಗೋಧಿ ಹೋಗುತ್ತೆ ಯಜಮಾನ್ರೇ. ಬೆಂಕಿ ಬಂದ್ರೆ ಏನೇನು ಹೋಗುತ್ತೋ ಹೇಳೋಕಾಗಲ್ಲ."

ಯಜಮಾನ ಅವಳನ್ನು ಬಿಟ್ಟು ಡ್ರೈವರಣ್ಣನ ಕಡೆ ತಿರುಗಿದ. "ಮಷೀನು ನಿಂದಾ, ಹೆಂಡ್ತೀದಾ?"

ಆ ಮಾತು ನಾಟಿತು. "ಲೇ, ಇದೊಂದು ಸುತ್ತು ಮುಗಿಸ್ತೀನಿ, ಇರು" ಎಂದು ಡ್ರೈವರಣ್ಣ ಮಷೀನು ತಿರುಗಿಸಿದ.

"ರೀ, ಬೇಡಾರೀ!" ಎಂದದ್ದು ಇಂಜಿನ್ನಿನ ಸದ್ದಿನಲ್ಲಿ ಮುಳುಗಿತು.

ಆ ಸುತ್ತು ಮುಗಿಯಲಿಲ್ಲ. ಮಷೀನಿನ ಹೊಟ್ಟೆಯ ಕೆಳಗೆ ಮೊದಲು ಹೊಗೆ, ಆಮೇಲೆ ನಾಲಗೆಯಷ್ಟು ಬೆಂಕಿ. ಡ್ರೈವರಣ್ಣ ಕೆಳಗೆ ಹಾರಿದ. "ಇಲ್ಲಿ! ಇಲ್ಲಿಗೆ ಬಾ ಬೇಗ!" ಎಂದು ಎರಡೂ ಕೈ ಎತ್ತಿ ಕೂಗಿದ. ಅವಳು ಬಂದಳು, ನಿಜ. ಆದರೆ ಕೊಯ್ದ ಕೂಳೆಯಲ್ಲಿ ಬೆಂಕಿ ಆಗಲೇ ಕೆಳಗಿನ ಮನೆಗಳತ್ತ ಓಡತೊಡಗಿತ್ತು. ಇದ್ದದ್ದು ಒಂದು ಟ್ಯಾಂಕು ನೀರು. ಒಂದು ಕಡೆ ಗಂಡನ ಅರ್ಧ ಆಯುಷ್ಯ, ಇನ್ನೊಂದು ಕಡೆ ಯಾರದೋ ತೊಟ್ಟಿಲು. ನೀರಕ್ಕ ಗಂಡನ ಪಕ್ಕದಿಂದಲೇ, ಅವನ ಮುಖ ನೋಡದೆ, ಟ್ರ್ಯಾಕ್ಟರು ದಾಟಿಸಿಕೊಂಡು ಹೋದಳು. ಬೆಂಕಿಗಿಂತ ಮುಂದೆ ಹೋಗಿ ಬದುವಿನುದ್ದಕ್ಕೂ ನೀರು ಹೊಯ್ದಳು. ಕೂಲಿಯವರು ಒದ್ದೆ ಗೋಣಿ ಹಿಡಿದು ಬಡಿದರು. ಬೆಂಕಿ ಬದುವಿಗೆ ಬಂದು, ಮುಂದೆ ಹೋಗಲಾರದೆ, ಅಲ್ಲೇ ಸತ್ತಿತು.

ಮಷೀನು ನಿಂತಲ್ಲೇ ಉರಿದುಹೋಯಿತು. ಸಂಜೆ ನಾಲ್ಕು ಹನಿ ಮಳೆ ಬಂತು. ಆಲಿಕಲ್ಲು ಬರಲೇ ಇಲ್ಲ.

ಆಮೇಲೆ ಆ ಮನೆಯಲ್ಲಿ ಮಾತು ನಿಂತಿತು. ಡ್ರೈವರಣ್ಣ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು ಅವಳಿಗೆ. ಬಡಿಸಿದ್ದನ್ನು ತಿಂದು, ಖಾಲಿ ಶೆಡ್ಡಿನಲ್ಲಿ ಹೋಗಿ ಕೂರುತ್ತಿದ್ದ. "ಗಂಡನ ಮಷೀನಿಗಿಂತ ಕಂಡವರ ಮನೆ ಹೆಚ್ಚಾಯ್ತಲ್ಲ" ಎಂದು ಬೀದಿಯಲ್ಲಿ ಒಬ್ಬಿಬ್ಬರು ಅಂದರು. ದರ್ಜಿಯ ಹೆಂಡತಿ ಮಾತ್ರ, "ಆ ಸಾಲಿನ ಮಕ್ಕಳನ್ನ ಕರ್ಕೊಂಡು ಬರ್ತೀನಿ, ಅವರೆದುರಿಗೆ ಹೇಳಿ ನೋಡೋಣ" ಎಂದು ಅವರ ಬಾಯಿ ಮುಚ್ಚಿಸಿದಳು. ಆದರೆ ನೀರಕ್ಕನಿಗೆ ಬೇಕಿದ್ದದ್ದು ಬೀದಿಯ ನ್ಯಾಯವಲ್ಲ, ಗಂಡನ ಒಂದು ಮಾತು. ಅದು ಚಳಿಗಾಲ ಕಳೆದರೂ ಬರಲಿಲ್ಲ.

ಮುಂದಿನ ಕೊಯ್ಲಿನ ಹೊತ್ತಿಗೆ ದೂರದ ಬಯಲುಸೀಮೆಯಿಂದ ಮಷೀನುಗಳ ಮಾಲೀಕನೊಬ್ಬ ಹುಡುಕಿಕೊಂಡು ಬಂದ. ಡ್ರೈವರು ಬೇಕು, ಅಲ್ಲಿಯೇ ಮನೆ ಕೊಡುತ್ತೇನೆ ಎಂದ. ನೀರಕ್ಕ ಒಳಗೆ ಲೋಟ ತೊಳೆಯುತ್ತಿದ್ದಳು. ಗಂಡ ಒಬ್ಬನೇ ಹೋಗುತ್ತಾನೋ ಏನೋ ಎಂದು ತೊಳೆದ ಲೋಟವನ್ನೇ ಮತ್ತೆ ತೊಳೆದಳು.

"ಬರ್ತೀನಿ, ಆದ್ರೆ ಒಂದು ಮಾತು" ಎಂದ ಡ್ರೈವರಣ್ಣ. "ಹಿಂದೆ ನೀರಿನ ಗಾಡಿ ಇವಳೇ ತರ್ತಾಳೆ. ಇವಳು ನಿಲ್ಲಿಸು ಅಂದ್ರೆ ನಾನು ನಿಲ್ಲಿಸ್ತೀನಿ. ಆಗ ಹೊಲದೋರು ಬಂದು ಬೈದ್ರೂ ಸರಿ, ನೀವು ಬೈದ್ರೂ ಸರಿ, ಮಷೀನು ಮುಂದೆ ಹೋಗಲ್ಲ. ಒಪ್ಪಿಗೆನಾ?"

ಮಾಲೀಕ ನಕ್ಕ. "ಅಂದ್ರೆ ಯಜಮಾನಿ ಅವರೇ ಅನ್ನಿ."

"ಹೂಂ, ಅದನ್ನ ಒಂದು ವರ್ಷ ತಡವಾಗಿ ಕಲಿತೆ" ಎಂದ ಡ್ರೈವರಣ್ಣ. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ನೀರಕ್ಕನಿಗೆ ತೋಚಲಿಲ್ಲ.

ಮನೆ ಬಿಟ್ಟ ಬೆಳಿಗ್ಗೆ ಸಾಮಾನುಗಳೆಲ್ಲ ಟ್ರ್ಯಾಕ್ಟರಿನ ಮೇಲೂ ಟ್ಯಾಂಕಿನ ಮೇಲೂ ಏರಿ ಕೂತವು. ಬೀಗದ ಕೈಯನ್ನು ದರ್ಜಿಯ ಕೈಗೆ ಕೊಟ್ಟರು. ದರ್ಜಿಯ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಟ್ಯಾಂಕಾದ್ರೂ ಖಾಲಿ ಮಾಡ್ಕೊಂಡು ಹೋಗೇ, ಭಾರ ಆಗಲ್ವಾ?" ಎಂದಳು.

"ದಾರೀಲೆಲ್ಲ ಗೋಧಿ ನಿಂತಿದೆ ಅಕ್ಕಾ" ಎಂದು ನೀರಕ್ಕ ಟ್ರ್ಯಾಕ್ಟರು ಶುರು ಮಾಡಿದಳು. ಡ್ರೈವರಣ್ಣ ಮಡ್‌ಗಾರ್ಡಿನ ಮೇಲೆ ಹತ್ತಿ, ಹೆಂಡತಿಯ ಪಕ್ಕದಲ್ಲಿ ಚಾಪೆಯ ಸುರುಳಿ ತಬ್ಬಿಕೊಂಡು ಕುಳಿತ.

"ನಿಧಾನ ಕಣೇ" ಎಂದ.

"ನೀವು ಗಟ್ಟಿಯಾಗಿ ಹಿಡ್ಕೊಳ್ರೀ" ಎಂದು ಅವಳು ಗೇರು ಹಾಕಿದಳು.