ಹಳೆಯ ಸ್ಲೈಡನ್ನು ನಂಬದ ಮೇಣದಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಅವರೊಬ್ಬರೇ. ಮಂಜುಗಡ್ಡೆಯ ಮೇಲಿಟ್ಟಿದ್ದ ಮೇಣದ ಬ್ಲಾಕ್ ಎತ್ತಿ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಆ ಮೇಣದೊಳಗೆ ಯಾರದೋ ಗಂಟಲಿನ ಗಡ್ಡೆಯ ಚೂರಿದೆ. ಚಕ್ರ ತಿರುಗಿಸಿದಂತೆ ಕೂದಲಿಗಿಂತ ತೆಳ್ಳನೆಯ ಪದರ ಬ್ಲೇಡಿನ ಮೇಲೆ ಬಂದು ಕೂರುತ್ತದೆ. ಅದನ್ನು ಕುಂಚದಿಂದ ಎತ್ತಿ, ಬಿಸಿನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಸ್ಲೈಡಿಗೆ ಹತ್ತಿಸಿಕೊಳ್ಳುವವರೆಗೆ ಉಸಿರು ಬಿಗಿಹಿಡಿದಿರುತ್ತಾರೆ. "ಉಸಿರು ತಾಗಿದ್ರೂ ಹಾರಿಹೋಗುತ್ತೆ. ನೀವೂ ಸ್ವಲ್ಪ ಆಚೆ ನಿಂತ್ಕೊಳ್ಳಿ," ಎಂದು, ಕೆಲಸ ನೋಡಲು ಬಂದ ನನ್ನನ್ನು ದೂರ ಸರಿಸುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ಮೇಣದಕ್ಕ. ದಿನಕ್ಕೆ ಅರವತ್ತು ಬ್ಲಾಕ್, ಇನ್ನೂರು ಸ್ಲೈಡ್. ಇಪ್ಪತ್ತೆರಡು ವರ್ಷ ದುಡಿದರೂ ಕಡತದಲ್ಲಿ ಇಂದಿಗೂ ತಾತ್ಕಾಲಿಕ ನೌಕರರು. ಆ ತಾತ್ಕಾಲಿಕ ಕೆಲಸವೂ ಈಗ ತೂಗುಯ್ಯಾಲೆಯಲ್ಲಿದೆ. ಸೋಮವಾರದೊಳಗೆ ಕ್ಷಮಾಪಣೆ ಬರೆದುಕೊಡದಿದ್ದರೆ ತೆಗೆದುಹಾಕುತ್ತೇವೆಂದು ನೋಟಿಸ್ ಬಂದಿದೆ. ಮಾಡಿದ ಅಪರಾಧವೇನು ಗೊತ್ತೇ? ಒಬ್ಬ ರೋಗಿಯ ವರದಿ ತಪ್ಪಾಗಿದೆಯೆಂದು ಕಂಡುಹಿಡಿದದ್ದು.

ಆ ರೋಗಿ ಗೋಡೆಗೆ ಬಣ್ಣ ಬಳಿಯುವವರು. ನಾಲಿಗೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ವರ್ಷ ತುಂಬುವುದರೊಳಗೆ ರೋಗ ಕುತ್ತಿಗೆಗೂ ಶ್ವಾಸಕೋಶಕ್ಕೂ ಹಬ್ಬಿತು. ಕೆಲವು ಗಡ್ಡೆಗಳ ಜೀವಕೋಶಗಳ ಮೇಲೆ ಒಂದು ಗುರುತು ಇರುತ್ತದೆ. ಅದನ್ನು ತೋರಿಸಿ ಅವು ದೇಹದ ರಕ್ಷಕ ಕಣಗಳನ್ನು ಸುಮ್ಮನಾಗಿಸುತ್ತವೆ. ಗುರುತಿದ್ದವರಿಗೆ ರಕ್ಷಕ ಕಣಗಳನ್ನು ಮತ್ತೆ ಎಚ್ಚರಿಸುವ ಔಷಧಿ ಫಲಿಸುವ, ಇನ್ನಷ್ಟು ಕಾಲ ಬದುಕುವ ಸಾಧ್ಯತೆ ಹೆಚ್ಚು. ಗುರುತಿಲ್ಲದಿದ್ದರೆ ಈ ಆಸ್ಪತ್ರೆ ಆ ಔಷಧಿಯನ್ನು ಕೊಡುವುದಿಲ್ಲ. ಇವರ ವರದಿ ಬಂತು: ಗುರುತಿಲ್ಲ.

"ಅವ್ರ ತಂಗಿ ವರದಿ ಕೊಡೋ ಕಿಟಕಿ ಹತ್ರ ನಿಂತಿದ್ರು. 'ಅಕ್ಕಾ, ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ?' ಅಂತ ಕೇಳಿದ್ರು."

ಮೇಣದಕ್ಕ ಒಳಗೆ ಬಂದು ಆ ವರದಿಗೆ ಬಳಸಿದ್ದ ಸ್ಲೈಡ್ ಹುಡುಕಿ ತೆಗೆದರು. ಅಂಚಿನಲ್ಲಿ ಅವರೇ ಪೆನ್ಸಿಲಿನಲ್ಲಿ ಬರೆದ ತಾರೀಕಿತ್ತು. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕತ್ತರಿಸಿಟ್ಟದ್ದು, ಹನ್ನೊಂದು ತಿಂಗಳು ಹಳೆಯದು. ಕತ್ತರಿಸಿ ಬಹಳ ದಿನ ಇಟ್ಟ ಪದರದಲ್ಲಿ ಗುರುತು ಮಾಸುತ್ತಾ ಹೋಗುತ್ತದೆ. ಹೊಸದಾಗಿ ಕತ್ತರಿಸೋಣವೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿದರು. "ಕತ್ತರಿಸೋದಷ್ಟೇ ನಿಮ್ಮ ಕೆಲಸ, ಓದೋದು ನಮ್ಮದು," ಎಂಬ ಉತ್ತರ ಬಂತು. ಕೇಳಿಯೇ ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಮಾತ್ರ ಹಿಂದಿರುಗಿ ಆ ರೋಗಿಯ ಬ್ಲಾಕ್ ಹುಡುಕಿ ತೆಗೆದರಂತೆ.

ಬ್ಲಾಕಿನಲ್ಲಿ ಉಳಿದಿದ್ದದ್ದು ಕಿರುಬೆರಳಿನ ಉಗುರಿನಷ್ಟೂ ಇಲ್ಲದ ಚೂರು. ಕೈ ತಪ್ಪಿದರೆ ಮತ್ತೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಕತ್ತರಿಸಿ, ಪರೀಕ್ಷೆ ಮುಗಿಸಿ, ಸ್ಲೈಡನ್ನು ಮುಖ್ಯಸ್ಥರ ಟ್ರೇಯಲ್ಲಿಟ್ಟರು. ಗುರುತು ಎದ್ದು ಕಾಣುತ್ತಿತ್ತು. ವರದಿ ತಿದ್ದಿದ್ದಾಯಿತು, ಔಷಧಿಯೂ ಶುರುವಾಯಿತು. ತಿದ್ದಿದ ವರದಿಗೂ 'ಅನುಮತಿಯಿಲ್ಲದೆ ಬ್ಲಾಕ್ ಬಳಸಿದ್ದೇಕೆ' ಎಂಬ ನೋಟಿಸಿಗೂ ಒಂದೇ ತಾರೀಕು, ಮುಖ್ಯಸ್ಥರ ಒಂದೇ ರುಜು. ನಾಚಿಕೆ ಎನ್ನುವುದು ಎಲ್ಲಿ ಹೋಯಿತು? ಹಳೆಯ ಸ್ಲೈಡ್ ನೋಡಿ ರುಜು ಹಾಕಿದವರು ಆ ತಂಗಿಯ ಕ್ಷಮೆ ಕೇಳಿದರೇ? ಇಲ್ಲ.

"ಮನೇಲಿ ಇಬ್ರೂ ಕತ್ತರಿಸೋರೇ," ಎಂದು ನಗುತ್ತಾರೆ ಟೈಲರ್ ಆಗಿರುವ ಅವರ ಯಜಮಾನರು. "ನಾನು ತಪ್ಪು ಕತ್ತರಿಸಿದ್ರೆ ತೇಪೆ ಹಾಕ್ತೀನಿ. ಇವಳಿಗೆ ಆ ಭಾಗ್ಯ ಇಲ್ಲ. ಕ್ಷಮಿಸಿ ಅಂತ ಒಂದು ಸಾಲು ಗೀಚಿ ಕೊಟ್ಟು ಬಾರೇ ಅಂದ್ರೆ, ಕೇಳಿದ್ರೆ ತಾನೆ."

ಔಷಧಿ ಫಲಿಸುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಮೇಣದಕ್ಕ ನೋಟಿಸಿಗೆ ಉತ್ತರ ಬರೆದಿಟ್ಟಿದ್ದಾರೆ. ಅದರಲ್ಲಿ ಕ್ಷಮೆಯ ಮಾತಿಲ್ಲ, ಒಂದು ಕೋರಿಕೆ ಇದೆ: ಇನ್ನು ಮುಂದೆ ಪ್ರತಿ ವರದಿಯಲ್ಲೂ ಸ್ಲೈಡ್ ಕತ್ತರಿಸಿದ ತಾರೀಕು ಬರೆಯಿರಿ.

"ತಪ್ಪಾಯ್ತು ಅಂತ ಬರೆದುಕೊಟ್ರೆ ಕೆಲಸ ಉಳಿಯುತ್ತೆ, ಗೊತ್ತು. ಆದ್ರೆ ಮುಂದಿನ ಸಲ ಹಳೇ ಸ್ಲೈಡ್ ಕಣ್ಣಿಗೆ ಬಿದ್ರೆ ಬಾಯಿ ಮುಚ್ಕೊಂಡಿರ್ತೀನಿ ಅಂತಲೂ ಬರೆದುಕೊಟ್ಟ ಹಾಗೆ ಆಗಲ್ವಾ? ಅದು ನನ್ನ ಕೈಲಿ ಆಗಲ್ಲ."